ಆಟೋಮ್ಯಾಟಿಕ್ ಇಳಿಸಿ ಮ್ಯಾನ್ಯುಯಲ್ ಕೂರಿಸಿದ ಮೇಲೆ ಎಂಜಿನ್ ನಡುಗುತ್ತಿದೆಯಾ?

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹೋಯಿತು, ಮ್ಯಾನ್ಯುಯಲ್ ಬಂತು. ಕ್ಲಚ್ ಚೆನ್ನಾಗಿದೆ, ಗೇರ್ ಸಲೀಸಾಗಿ ಬೀಳುತ್ತಿದೆ. ಆದರೆ 2000 ಆರ್‌ಪಿಎಂ ದಾಟಿದರೆ ಸಾಕು, ಸ್ಟೀರಿಂಗು, ಸೀಟು, ಕನ್ನಡಿ ಎಲ್ಲಾ ನಡುಗೋಕೆ ಶುರು. ಅಮೆರಿಕದಲ್ಲಿ ಹಳೆ ಫೋರ್ಡ್ ಮಸ್ಟಾಂಗ್ ಇಟ್ಟುಕೊಂಡವರಿಗೆ ಈ ತಲೆನೋವು ಗೊತ್ತಿರುತ್ತದೆ, ಹಾಗಾಗಿ ಅದೇ ಗಾಡಿಯ ವಿ8 ಎಂಜಿನ್ ಇಟ್ಟುಕೊಂಡು ಹೇಳುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಆತುರಕ್ಕೆ ಬಿದ್ದು ಗೇರ್‌ಬಾಕ್ಸ್ ಮತ್ತೆ ಇಳಿಸಬೇಡಿ. ನಡುಕ ಎಲ್ಲಿಂದ ಬರುತ್ತಿದೆ ಅಂತ ಸ್ಪ್ಯಾನರ್ ಮುಟ್ಟದೆಯೇ ಅರ್ಧಕ್ಕರ್ಧ ಪತ್ತೆ ಮಾಡಬಹುದು.

ಮೊದಲು ನಿಂತ ಗಾಡಿಯಲ್ಲಿ ನೋಡಿ. ಹ್ಯಾಂಡ್ ಬ್ರೇಕ್ ಎಳೆಯಿರಿ, ಚಕ್ರಕ್ಕೆ ಅಡ್ಡ ಕೊಡಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಬಿಸಿಯಾಗಲಿ. ಆಮೇಲೆ ನಿಧಾನಕ್ಕೆ 1000ದಿಂದ 3000 ಆರ್‌ಪಿಎಂವರೆಗೆ ಏರಿಸಿ. ಎಂಜಿನ್ ಓಡುವಾಗ ಗಾಡಿ ಕೆಳಗೆ ಮಾತ್ರ ಯಾರೂ ನುಗ್ಗಬಾರದು. ಐಡಲ್‌ನಲ್ಲಿ ಮಾತ್ರ ಒದರಾಡಿ, ಮೇಲೆ ಹೋದಂತೆ ನಯವಾದರೆ ಅದು ತಿರುಗುವ ಭಾಗಗಳ ತೂಕ ಸರಿದೂಗದ ತೊಂದರೆ ಅಲ್ಲ. ಎಂಜಿನ್ ಮೌಂಟ್, ಪ್ಲಗ್ ವೈರ್, ವ್ಯಾಕ್ಯೂಮ್ ಲೀಕ್ ನೋಡಿ. 1960ರ ದಶಕದ ಮಸ್ಟಾಂಗ್‌ಗೆ ಬರುತ್ತಿದ್ದ ಸಿ4 ಆಟೋಮ್ಯಾಟಿಕ್‌ಗೆ ಎಂಜಿನ್‌ನಿಂದ ಒಂದು ವ್ಯಾಕ್ಯೂಮ್ ಪೈಪ್ ಹೋಗುತ್ತದೆ. ಗೇರ್‌ಬಾಕ್ಸ್ ತೆಗೆದಾಗ ಅದರ ಬಾಯಿ ಮುಚ್ಚದೆ ಬಿಟ್ಟರೆ ಗಾಳಿ ಎಳೆದುಕೊಂಡು ಎಂಜಿನ್ ಕುಂಟುತ್ತದೆ. ರಬ್ಬರ್ ಕ್ಯಾಪ್ ಒಂದು ಹಾಕಿದರೆ ಮುಗಿಯಿತು.

ಆರ್‌ಪಿಎಂ ಏರಿದಂತೆ ನಡುಕವೂ ಏರಿದರೆ ಕ್ಲಚ್ ಪೂರ್ತಿ ಒತ್ತಿ ಇನ್ನೊಮ್ಮೆ ನೋಡಿ. ಕ್ಲಚ್ ಒತ್ತಿದಾಗ ಕ್ಲಚ್ ಪ್ಲೇಟ್, ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಎರಡೂ ನಿಲ್ಲುತ್ತವೆ. ಆಗ ನಡುಕ ಹೋದರೆ ತೊಂದರೆ ಅಲ್ಲೇ ಇದೆ. ಒಂಚೂರೂ ಬದಲಾಗದಿದ್ದರೆ ಕ್ರ್ಯಾಂಕ್ (ಎಂಜಿನ್‌ನ ಮುಖ್ಯ ತಿರುಗುವ ಶಾಫ್ಟ್) ಜೊತೆಗೇ ತಿರುಗುವ ಮೂರರ ಮೇಲೆ ಅನುಮಾನ: ಅದರ ಹಿಂತುದಿಯ ಭಾರದ ಚಕ್ರವಾದ ಫ್ಲೈವೀಲ್, ಕ್ಲಚ್ ಪ್ಲೇಟನ್ನು ಅದಕ್ಕೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ಮುಂತುದಿಯಲ್ಲಿ ನಡುಕ ಹೀರುವ ಡ್ಯಾಂಪರ್.

ನಿಂತಾಗ ಏನೂ ಇಲ್ಲ, ರಸ್ತೆಯಲ್ಲಿ ಮಾತ್ರ ನಡುಗುತ್ತದೆ ಅಂದರೆ, ಖಾಲಿ ರಸ್ತೆ ನೋಡಿಕೊಂಡು ಗಂಟೆಗೆ 60 ಮೈಲಿಗೆ ಹೋಗಿ ನ್ಯೂಟ್ರಲ್‌ಗೆ ತಳ್ಳಿ. ಎಂಜಿನ್ ಐಡಲ್‌ಗೆ ಇಳಿದರೂ ನಡುಕ ಉಳಿದರೆ ಪ್ರೊಪೆಲ್ಲರ್ ಶಾಫ್ಟ್ ಅಥವಾ ಚಕ್ರ ನೋಡಬೇಕು. ಹೊಸ ಗೇರ್‌ಬಾಕ್ಸಿಗೆ ಕ್ರಾಸ್‌ಮೆಂಬರ್ (ಗೇರ್‌ಬಾಕ್ಸ್ ಹಿಂಭಾಗ ಕೂರುವ ಅಡ್ಡಪಟ್ಟಿ) ಜಾಗ ಬದಲಾಗಿ ಅದರ ಬಾಲ ಮೇಲಕ್ಕೋ ಕೆಳಕ್ಕೋ ಆಗಿರುತ್ತದೆ, ಆಗ ಶಾಫ್ಟ್‌ನ ಕೋನ ಕೆಡುತ್ತದೆ. ಗೇರ್‌ಬಾಕ್ಸಿನ ಗೆರೆ, ಹಿಂದಿನ ಆಕ್ಸಲ್‌ನ ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ತಿರುಗಿಸುವ ಗೇರ್) ಗೆರೆ ಎರಡೂ ಹೆಚ್ಚುಕಡಿಮೆ ಸಮಾನಾಂತರ ಇರಬೇಕು. ಆಂಗಲ್ ಗೇಜ್ ಇಟ್ಟು ಅಳೆಯಿರಿ, ಕಣ್ಣಂದಾಜು ಸಾಲದು.

ಈಗ ಫ್ಲೈವೀಲ್. ನಿಂತಾಗಲೂ ನಡುಗುವ, ಕ್ಲಚ್ ಒತ್ತಿದರೂ ಬದಲಾಗದ ಗಾಡಿಯಲ್ಲಿ ನನ್ನ ಮೊದಲ ಅನುಮಾನ ಯಾವಾಗಲೂ ಇದರ ಮೇಲೇ. ಫೋರ್ಡ್‌ನ 302 ಎಂಜಿನ್‌ನಲ್ಲಿ (ಈ ನಂಬರು ಎಂಜಿನ್ ಗಾತ್ರ, ಘನ ಇಂಚಿನಲ್ಲಿ) ಕ್ರ್ಯಾಂಕ್ ತೂಕ ಸರಿದೂಗಿಸುವ ಕೆಲಸ ಪೂರ್ತಿ ಒಳಗೇ ಮುಗಿಯುವುದಿಲ್ಲ. ಅದರಲ್ಲೊಂದು ಪಾಲನ್ನು ಮುಂದಿನ ಡ್ಯಾಂಪರ್‌ಗೂ ಹಿಂದಿನ ಫ್ಲೈವೀಲ್‌ಗೂ ಬೇಕಂತಲೇ ಒಂದು ಬದಿಗೆ ತೂಕ ಜಾಸ್ತಿ ಇಟ್ಟು ಹಂಚಿರುತ್ತಾರೆ. ಆಟೋಮ್ಯಾಟಿಕ್ ಇದ್ದಾಗ ಹಿಂದಿನ ಪಾಲು ಫ್ಲೆಕ್ಸ್‌ಪ್ಲೇಟ್‌ನಲ್ಲಿತ್ತು, ಅಂದರೆ ಫ್ಲೈವೀಲ್ ಜಾಗದಲ್ಲಿ ಬರುವ ತೆಳು ತಟ್ಟೆಯಲ್ಲಿ. ಹಳೆ 289, 302ಗಳಿಗೆ ಈ ತೂಕ 28 ಔನ್ಸ್-ಇಂಚು, ಅಂದರೆ ಕೇಂದ್ರದಿಂದ ಒಂದು ಇಂಚು ದೂರದಲ್ಲಿ 28 ಔನ್ಸ್ ಇಟ್ಟಷ್ಟು. 1980ರ ದಶಕದ ಆರಂಭದಲ್ಲಿ ಫೋರ್ಡ್ ಇದನ್ನು 50 ಮಾಡಿತು. 351 ವಿಂಡ್ಸರ್ ಮಾತ್ರ 28ರಲ್ಲೇ ಉಳಿಯಿತು. ಎಡವಟ್ಟಾಗುವುದು ಇಲ್ಲೇ: 1988ರ 5.0 ಎಂಜಿನ್‌ಗೆ (ಇದೂ 302ವೇ, ಲೀಟರ್ ಲೆಕ್ಕದಲ್ಲಿ ಹೇಳುವುದು) ಯಾರದೋ ಶೆಡ್‌ನಲ್ಲಿ ಸಿಕ್ಕ 1966ರ ಫ್ಲೈವೀಲ್ ತಂದು ಹಾಕಿದರೆ ಬೋಲ್ಟ್‌ಗಳು ಚೆನ್ನಾಗೇ ಕೂರುತ್ತವೆ, ಆದರೆ 22 ಔನ್ಸ್-ಇಂಚು ಕಮ್ಮಿ. ಲೆಕ್ಕ ಹಾಕಿ ನೋಡಿ, 3000 ಆರ್‌ಪಿಎಂನಲ್ಲಿ ಅದು ಸುಮಾರು 160 ಕೆ.ಜಿ. ಭಾರದಷ್ಟು ಎಳೆತ, ಅದೂ ಸುತ್ತಿಗೊಮ್ಮೆ ದಿಕ್ಕು ಬದಲಿಸುತ್ತಾ. ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟು. ಇದನ್ನು 'ಸ್ವಲ್ಪ ದಿನ ಓಡಿಸಿ ನೋಡೋಣ' ಅಂತ ಬಿಡಬೇಡಿ, ಮೇನ್ ಬೇರಿಂಗ್ ಹಾಳಾಗುತ್ತದೆ.

ಹಾಗಾಗಿ ಫ್ಲೈವೀಲ್ ಮೇಲಿನ ಪಾರ್ಟ್ ನಂಬರ್ ಓದಿ, ಡ್ಯಾಂಪರ್ ಕೂಡ ಅದೇ ಗುಂಪಿನದ್ದಾ ಅಂತ ನೋಡಿ. ಎಂಜಿನ್ ಒಮ್ಮೆ ಬಿಚ್ಚಿ ಬೇರೆ ಕ್ರ್ಯಾಂಕ್ ಹಾಕಿದ್ದರೆ ಗಾಡಿಯ ವರ್ಷ ನೋಡಿ ತೀರ್ಮಾನಿಸುವ ಹಾಗಿಲ್ಲ.

ಗೇರ್‌ಬಾಕ್ಸ್ ಇಳಿಸಲೇಬೇಕಾಗಿ ಬಂದರೆ ಒಂದೇ ಸಲಕ್ಕೆ ಎಲ್ಲಾ ನೋಡಿಬಿಡಿ. ಕ್ರ್ಯಾಂಕ್ ಫ್ಲ್ಯಾಂಜ್ ಮೇಲೆ ಕೊಳೆ, ಬಣ್ಣ, ತುಕ್ಕು ಇದ್ದರೆ ಫ್ಲೈವೀಲ್ ಓರೆಯಾಗಿ ಕೂರುತ್ತದೆ. ಪ್ರೆಶರ್ ಪ್ಲೇಟ್ ಕೂರುವ ಡೋವೆಲ್ ಪಿನ್‌ಗಳು (ಜಾಗ ಹಿಡಿದಿಡುವ ಸಣ್ಣ ಗೂಟಗಳು) ಇಲ್ಲದಿದ್ದರೆ ಪ್ಲೇಟ್ ನಡುವಿನಿಂದ ಸರಿಯುತ್ತದೆ. ಇನ್‌ಪುಟ್ ಶಾಫ್ಟ್‌ನ ಮುಂತುದಿ ಕೂರುವ ಪೈಲಟ್ ಬೇರಿಂಗ್ ಹಾಕಿದ್ದಾರಾ ನೋಡಿ, ಆಟೋಮ್ಯಾಟಿಕ್‌ಗೆ ಅದು ಬೇಡವಾದ್ದರಿಂದ ಕ್ರ್ಯಾಂಕ್‌ನಲ್ಲಿ ಇರುವುದಿಲ್ಲ, ಹಾಕುವುದನ್ನು ಮರೆಯುವುದು ಸುಲಭ. ಬೆಲ್‌ಹೌಸಿಂಗ್‌ನ (ಎಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಮುಚ್ಚುವ ಕವಚ) ನಡುವಿನ ತೂತಿಗೆ ಡಯಲ್ ಗೇಜ್ ಇಟ್ಟು ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿ: ಮುಳ್ಳು ಒಟ್ಟು 0.010 ಇಂಚು ಓಡಿದರೆ ಸೆಂಟರ್ ಅದರ ಅರ್ಧ, ಅಂದರೆ 0.005 ಇಂಚು ಸರಿದಿದೆ. ಸೆಂಟರ್ 0.005 ಇಂಚಿಗಿಂತ ಜಾಸ್ತಿ ಸರಿದಿದ್ದರೆ ಆಫ್‌ಸೆಟ್ ಡೋವೆಲ್ (ನಡು ಒಂದು ಬದಿಗೆ ಸರಿದಿರುವ ಪಿನ್) ಹಾಕಿ ಸರಿಪಡಿಸಬೇಕು.

ಹಳೆ ಫ್ಲೆಕ್ಸ್‌ಪ್ಲೇಟ್ ಗುಜರಿಗೆ ಹಾಕಬೇಡಿ. ಆಟೋಮ್ಯಾಟಿಕ್ ಇದ್ದಾಗ ಎಂಜಿನ್ ನಯವಾಗಿ ಓಡುತ್ತಿತ್ತು ಅಂದರೆ ಆ ಎಂಜಿನ್‌ಗೆ ಎಷ್ಟು ತೂಕ ಬೇಕು ಅನ್ನುವುದಕ್ಕೆ ಅದೇ ಅಳತೆ. ಅದನ್ನೂ ಹೊಸ ಫ್ಲೈವೀಲನ್ನೂ ಬ್ಯಾಲೆನ್ಸಿಂಗ್ ಮಾಡುವ ಮಷಿನ್ ಶಾಪ್‌ಗೆ ಒಟ್ಟಿಗೆ ಕೊಟ್ಟು, ಇದಕ್ಕೆ ಸರಿಸಮ ಮಾಡಿಕೊಡಿ ಅಂತ ಹೇಳಿ.