590 ರೂಪಾಯಿ ಬಾಕಿ, ಮತ್ತು ನನ್ನ ಸಿಬಿಲ್ ರಿಪೋರ್ಟ್

ಸಿಬಿಲ್ (ನಮ್ಮ ಸಾಲ, ಕಂತುಗಳ ದಾಖಲೆ) ನೋಡಿದ್ದೀರಾ ಅಂತ ಕೇಳಿದರೆ ಜಾಸ್ತಿ ಜನ ಮೊಬೈಲ್ ತೆಗೆದು ಮೂರಂಕಿಯ ಸ್ಕೋರ್ ತೋರಿಸುತ್ತಾರೆ. 300ರಿಂದ 900ರ ನಡುವೆ ಎಲ್ಲೋ ಇರುತ್ತದೆ ಅದು. ಆದರೆ ನನ್ನ ಮನೆ ಸಾಲದ ಅರ್ಜಿ ನಿಂತದ್ದು ಸ್ಕೋರಿನಿಂದಲ್ಲ, ರಿಪೋರ್ಟಿನ ಒಳಗಿದ್ದ ಒಂದು ಖಾತೆಯಿಂದ. "ಹಳೇ ಬೈಕ್ ಸಾಲ ಓವರ್‌ಡ್ಯೂ ತೋರಿಸ್ತಿದೆ ಸರ್, ಕ್ಲಿಯರ್ ಮಾಡ್ಕೊಂಡು ಬನ್ನಿ" ಅಂದರು ಬ್ಯಾಂಕಿನವರು. ಆ ಸಾಲದ ಕೊನೆ ಕಂತು ಕಟ್ಟಿ ಎಷ್ಟೋ ತಿಂಗಳಾಗಿತ್ತು. ಎನ್‌ಒಸಿ (ಸಾಲ ತೀರಿದೆ, ಬಾಕಿ ಇಲ್ಲ ಅನ್ನುವ ಪತ್ರ) ಪೋಸ್ಟಲ್ಲಿ ಬರುತ್ತೆ ಅಂದಿದ್ದರು, ಬಂದಿರಲಿಲ್ಲ.

ಮೊದಲು ಪೂರ್ತಿ ರಿಪೋರ್ಟ್ ತೆಗೆದೆ. ನಮ್ಮ ದೇಶದಲ್ಲಿ ಇದನ್ನು ಇಡುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ಒಬ್ಬೊಬ್ಬರೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ವೆಬ್‌ಸೈಟಿನಲ್ಲಿ ದುಡ್ಡಿನ ಪ್ಲಾನ್ ಕಣ್ಣಿಗೆ ಬಿದ್ದರೂ ಅದನ್ನು ಬಿಟ್ಟು ಪುಕ್ಕಟೆಯದನ್ನೇ ಹುಡುಕಿ. ನಮ್ಮ ರಿಪೋರ್ಟ್ ನಾವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಸಾಲ ಕೊಡುವವರು ಅರ್ಜಿಗಾಗಿ ನೋಡಿದರೆ ಮಾತ್ರ ಅದು ಎನ್‌ಕ್ವೈರಿ ಅಂತ ಲೆಕ್ಕಕ್ಕೆ ಬರುತ್ತದೆ.

ಒಂದೊಂದು ಸಾಲದ ಕೆಳಗೂ ತಿಂಗಳಿಗೊಂದರಂತೆ ಸಣ್ಣ ಚೌಕಗಳಿವೆ, 36 ತಿಂಗಳವರೆಗಿನವು. ಕಂತಿನ ದಿನ ದಾಟಿ ಎಷ್ಟು ದಿನವಾಯಿತು ಅನ್ನುವ ಲೆಕ್ಕ ಅದು. 000 ಇದ್ದರೆ ಬಾಕಿ ಇಲ್ಲ. ಎಕ್ಸ್‌ಎಕ್ಸ್‌ಎಕ್ಸ್ ಅಂತಿದ್ದರೆ ಆ ತಿಂಗಳ ಮಾಹಿತಿಯನ್ನು ಸಾಲ ಕೊಟ್ಟವರು ಕಳಿಸಿಲ್ಲ ಅಂತಷ್ಟೇ, ಗಾಬರಿ ಬೇಡ. ನನ್ನ ಬೈಕ್ ಸಾಲದಲ್ಲಿ ಉದ್ದಕ್ಕೂ 000. ಕೊನೆಗೆ ಬಂದರೆ 030, 060, 090. ಖಾತೆ ಮುಚ್ಚಿದ ದಿನಾಂಕ ಖಾಲಿ. ಓವರ್‌ಡ್ಯೂ 590 ರೂಪಾಯಿ.

ಲಕ್ಷಗಟ್ಟಲೆಯ ಅರ್ಜಿಯನ್ನು ನಿಲ್ಲಿಸಿದ್ದು ಐನೂರ ತೊಂಬತ್ತು ರೂಪಾಯಿ!

ಫೈನಾನ್ಸ್ ಕಂಪನಿಯಿಂದ ಸಾಲದ ಸ್ಟೇಟ್‌ಮೆಂಟ್ ತರಿಸಿದಾಗ ಕಥೆ ಗೊತ್ತಾಯಿತು. ಕೊನೆ ಕಂತನ್ನು ನಾನು ಅವರ ಬ್ರಾಂಚಿನಲ್ಲೇ ನಗದಾಗಿ ಕಟ್ಟಿದ್ದೆ, ರಸೀದಿ ಇತ್ತು. ಅದಾದ ಮೇಲೂ ಅದೇ ಕಂತಿಗೆ ಅವರ ಕಡೆಯಿಂದ ನನ್ನ ಬ್ಯಾಂಕ್ ಖಾತೆಗೆ ಆಟೋ ಡೆಬಿಟ್ ಹೋಗಿದೆ, ಅಂದರೆ ಕಂತನ್ನು ತಾನಾಗಿ ಎಳೆಯುವ ಕೋರಿಕೆ. ಆ ಖಾತೆಯಲ್ಲಿ ದುಡ್ಡಿರಲಿಲ್ಲ, ಬೌನ್ಸ್ ಆಗಿದೆ. ಬೌನ್ಸ್ ಚಾರ್ಜ್ 500, ಅದರ ಮೇಲೆ ಶೇ. 18 ಜಿಎಸ್‌ಟಿ 90.

590 ಬಿಸಾಕಿ ಕೈತೊಳ್ಕೊ ಅಂದರು ಎಲ್ಲರೂ. ನಾನು ಕಟ್ಟಲಿಲ್ಲ. ಹಠಕ್ಕಲ್ಲ. ಕಟ್ಟಿದರೆ ಬಾಕಿ ಸೊನ್ನೆಯಾಗುತ್ತದೆ, ಖಾತೆಯೂ ಮುಚ್ಚುತ್ತದೆ, ಆದರೆ ಆ 030, 060, 090 ಅಲ್ಲೇ ಉಳಿಯುತ್ತವೆ. ತಡ ಮಾಡಿ ಕಟ್ಟಿದ ಅಂತಲೇ ಅರ್ಥ. ನನಗೆ ಬೇಕಿದ್ದದ್ದು ಚಾರ್ಜನ್ನು ಅವರೇ ರಿವರ್ಸ್ ಮಾಡಿ, ಆ ತಿಂಗಳುಗಳನ್ನು ಸರಿಪಡಿಸಿ ಕಳಿಸುವುದು.

ಸಿಬಿಲ್ ವೆಬ್‌ಸೈಟಿನಲ್ಲಿ ಡಿಸ್ಪ್ಯೂಟ್ ಹಾಕಿದೆ. ಮಾಹಿತಿ ಸರಿಯಿದೆ ಅಂತ ಫೈನಾನ್ಸ್‌ನವರು ಹೇಳಿದ್ದಾರೆ, ಬದಲಾವಣೆ ಇಲ್ಲ ಅಂತ ಉತ್ತರ ಬಂತು. ಇಲ್ಲಿ ತುಂಬಾ ಜನ ಕೈಬಿಡುತ್ತಾರೆ. ಸಿಬಿಲ್ ತಾನಾಗಿ ಒಂದಕ್ಷರ ತಿದ್ದುವುದಿಲ್ಲ. ನಮ್ಮ ದೂರನ್ನು ಸಾಲ ಕೊಟ್ಟವರಿಗೆ ದಾಟಿಸುತ್ತದೆ. ಅವರು ತಮ್ಮ ಕಂಪ್ಯೂಟರ್ ನೋಡಿ ಅದನ್ನೇ ಒಪ್ಪಿಸಿದರೆ ಮುಗೀತು.

ಹಾಗಾಗಿ ಫೈನಾನ್ಸ್ ಕಂಪನಿಯ ಕುಂದುಕೊರತೆ ಅಧಿಕಾರಿಗೇ ಮೇಲ್ ಬರೆದೆ. ರಸೀದಿಯ ದಿನಾಂಕ, ಡೆಬಿಟ್ ಹೋದ ದಿನಾಂಕ, ಎರಡನ್ನೂ ಅಕ್ಕಪಕ್ಕ ಇಟ್ಟೆ. ಸಿಟ್ಟಿನ ಮಾತು ಒಂದೂ ಇಲ್ಲ. ಕೊನೆಗೆ ಎರಡು ನಿಯಮ ನೆನಪಿಸಿದೆ. ದೂರು ಕೊಟ್ಟು 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು, ಇದು 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆಮೇಲೂ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ (ಬ್ಯಾಂಕು, ಫೈನಾನ್ಸ್‌ನವರ ಮೇಲಿನ ದೂರು ಕೇಳುವ ಅಧಿಕಾರಿ) ಹತ್ತಿರ ಹೋಗಬಹುದು, ಅದಕ್ಕೆ ಫೀಸಿಲ್ಲ. ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಚಾರ್ಜ್ ತೆಗೆದರು, ಎನ್‌ಒಸಿ ಬಂತು, ಚೌಕಗಳು 000 ಆದವು. 2025ರ ಜನವರಿಯಿಂದ ಸಾಲ ಕೊಟ್ಟವರು ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕಾದ್ದರಿಂದ ತಿದ್ದುಪಡಿ ಮೊದಲಿಗಿಂತ ಬೇಗ ಕಾಣುತ್ತದೆ. ಆದರೂ ಒಂದು ಕಡೆ ಸರಿಯಾಯಿತು ಅಂತ ಸುಮ್ನೆ ಕೂರಬೇಡಿ. ನಾಲ್ಕೂ ರಿಪೋರ್ಟ್ ತೆಗೆದು ನೋಡಿ.

ಅದೇ ರಿಪೋರ್ಟಿನಲ್ಲಿ ಇನ್ನೊಂದು ಸಿಕ್ಕಿತು. ಚಿಕ್ಕಪ್ಪನ ಟ್ರ್ಯಾಕ್ಟರ್ ಸಾಲ. ನಾನು ಜಾಮೀನು ಹಾಕಿದ್ದೆ, ಆದ್ದರಿಂದ ಅದು ನನ್ನ ಹೆಸರಲ್ಲೂ ಗ್ಯಾರಂಟರ್ ಅಂತ ಬರುತ್ತದೆ, ಅವರು ತಡ ಮಾಡಿದ ದಿನಗಳ ಸಮೇತ. ಫೋನ್ ಮಾಡಿದೆ. "ಅಡಿಕೆ ದುಡ್ಡು ಬರ್ಲಿ ಕಣೋ, ಕಟ್ತೀನಿ, ನಿಂಗ್ಯಾಕೆ ಚಿಂತೆ" ಅಂದರು. "ನೀವು ಕಟ್ತೀರಿ ಚಿಕ್ಕಪ್ಪ, ಆದ್ರೆ ಅಲ್ಲಿವರೆಗೂ ನನ್ ಲೆಕ್ಕದಲ್ಲೂ ಬಾಕಿ ಅಂತ ತೋರಿಸುತ್ತೆ" ಅಂದೆ. ಸ್ವಲ್ಪ ಬೇಜಾರಾದರು. ಈಗ ಕಂತಿನ ತಿಂಗಳು ಬಂತೆಂದರೆ ನಾನೇ ನೆನಪಿಸುತ್ತೇನೆ. ಜಾಮೀನು ಹಾಕಬೇಡಿ ಅಂತ ನಾನು ಹೇಳುವುದಿಲ್ಲ, ನಮ್ಮ ಊರುಗಳಲ್ಲಿ ಅದು ಆಗದ ಮಾತು.

ಇದೆಲ್ಲ ನೋಡಿದ ಮೇಲೆ ಕೆಲವರು ರಿಪೋರ್ಟ್ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಜಾಸ್ತಿ ಕಾಣುವುದು 'ಸೆಟಲ್ಡ್' ಅನ್ನುವ ಪದ. ವಸೂಲಿಗೆ ಬಂದವರು ಅರ್ಧ ಕಟ್ಟಿ, ಮುಗಿಸಿಬಿಡೋಣ ಅಂದಿರುತ್ತಾರೆ. ಪೂರ್ತಿ ಕಟ್ಟಿಲ್ಲ ಅಂತ ರಿಪೋರ್ಟಿನಲ್ಲಿ ಅದು ಉಳಿಯುತ್ತದೆ. ಆಗುವ ಹಾಗಿದ್ದರೆ ಉಳಿದದ್ದನ್ನೂ ಕಟ್ಟಿ, ಖಾತೆಯನ್ನು 'ಕ್ಲೋಸ್ಡ್' ಮಾಡಿಸಿ. ಐದು ಸಾವಿರಕ್ಕೆ ಸಿಬಿಲ್ ಕ್ಲೀನ್ ಮಾಡಿಕೊಡ್ತೀವಿ ಅನ್ನುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ನಿಜವಾದ ಬಾಕಿಯನ್ನು ಯಾರೂ ಅಳಿಸಲಾರರು. ತಪ್ಪು ಬಾಕಿಯನ್ನು ನೀವೇ ಪುಕ್ಕಟೆ ತೆಗೆಸಬಹುದು.

ಸಾಲ ಮುಗಿದ ದಿನ ನಾನೀಗ ಮಾಡುವುದಿಷ್ಟು. ಬಾಕಿ ಸೊನ್ನೆ ಇರುವ ಸ್ಟೇಟ್‌ಮೆಂಟ್ ಕೇಳುತ್ತೇನೆ, ಎನ್‌ಒಸಿಯನ್ನು ಕೈಗೇ ಪಡೆಯುತ್ತೇನೆ. ಆಟೋ ಡೆಬಿಟ್ ಮ್ಯಾಂಡೇಟನ್ನು (ಕಂತು ಎಳೆಯಲು ಕೊಟ್ಟ ಅನುಮತಿಯನ್ನು) ನನ್ನ ಬ್ಯಾಂಕಿನಲ್ಲೇ ರದ್ದು ಮಾಡಿಸುತ್ತೇನೆ. ಗಾಡಿ ಸಾಲವಾದರೆ ಆರ್‌ಟಿಒದಲ್ಲಿ ಆರ್‌ಸಿ ಮೇಲಿನ ಫೈನಾನ್ಸ್‌ನವರ ಹೆಸರು ತೆಗೆಸುವ ಕೆಲಸವೂ ಇದೆ. ತಿಂಗಳು ಕಳೆದ ಮೇಲೆ ರಿಪೋರ್ಟ್ ತೆರೆದು, ಖಾತೆ ಮುಚ್ಚಿದ ದಿನಾಂಕ ಬಂದಿದೆಯಾ ಅಂತ ನೋಡುತ್ತೇನೆ.