ಒಂದೇ ಪೆಟ್ಟಿಗೆಯಲ್ಲಿ ಐದು ವೋಲ್ಟೇಜ್: ಮನೆಯಲ್ಲೇ ಪವರ್ ಸಪ್ಲೈ ಕಟ್ಟುವ ಕ್ರಮ

ಎಲೆಕ್ಟ್ರಾನಿಕ್ಸ್ ಹವ್ಯಾಸಕ್ಕೆ ಇಳಿದವರ ಮೇಜಿನ ಮೇಲೆ ಕೆಲವೇ ತಿಂಗಳಲ್ಲಿ ಹಳೆಯ ಮೊಬೈಲ್ ಚಾರ್ಜರು, ರೂಟರಿನ ಅಡಾಪ್ಟರು, ಅರ್ಧ ಖಾಲಿಯಾದ 9 ವೋಲ್ಟ್ ಬ್ಯಾಟರಿ ಎಲ್ಲವೂ ಬಂದು ಸೇರುತ್ತವೆ. ಆರ್ಡುಯಿನೊ ಬೋರ್ಡಿಗೆ 5 ವೋಲ್ಟ್ ಬೇಕು, ವೈ-ಫೈ ಮಾಡ್ಯೂಲಿಗೆ 3.3, ರಿಲೇಗೆ 12. ಆಪ್-ಆಂಪ್ (ಸಿಗ್ನಲ್ ವರ್ಧಿಸುವ ಐಸಿ) ಬಳಸಿದ ಆಡಿಯೊ ಸರ್ಕ್ಯೂಟಿಗಂತೂ ಪ್ಲಸ್ 12 ಮತ್ತು ಮೈನಸ್ 12 ಎರಡೂ ಬೇಕು. ಇವೆಲ್ಲವನ್ನೂ, ಜೊತೆಗೆ ಬೇಕಾದಂತೆ ತಿರುಗಿಸಿಕೊಳ್ಳಬಹುದಾದ ಇನ್ನೊಂದು ವೋಲ್ಟೇಜನ್ನೂ ಒಂದೇ ಪೆಟ್ಟಿಗೆಯಿಂದ ಪಡೆಯುವ ಸರ್ಕ್ಯೂಟ್ ಹಳೆಯದು, ಸರಳವಾದದ್ದು. ಆದರೆ ನಕ್ಷೆ ನೋಡಿ ಬೆಸುಗೆ ಹಾಕಿದ ಮಾತ್ರಕ್ಕೆ ಅದು ನೆಚ್ಚಿಕೊಳ್ಳುವಂಥ ಸಪ್ಲೈ ಆಗುವುದಿಲ್ಲ. ಮನೆಯ ಕರೆಂಟು ಇಳಿದಾಗ ಒಳಗೆ ಎಷ್ಟು ವೋಲ್ಟ್ ಉಳಿಯುತ್ತದೆ, ಕರೆಂಟು ಚೆನ್ನಾಗಿದ್ದಾಗ ಹೆಚ್ಚಾದ ವೋಲ್ಟೇಜ್ ಎಷ್ಟು ಶಾಖವಾಗುತ್ತದೆ ಎಂಬ ಎರಡು ಲೆಕ್ಕಗಳನ್ನು ಮೊದಲೇ ಮಾಡಿಕೊಂಡವರ ಪೆಟ್ಟಿಗೆ ಮಾತ್ರ ವರ್ಷಗಟ್ಟಲೆ ಬಾಳುತ್ತದೆ.

ಹಳೆಯ ಕಂಪ್ಯೂಟರಿನೊಳಗಿನ ಪವರ್ ಸಪ್ಲೈ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಬಳಸಬಾರದೇ ಎಂದು ಹಲವರು ಕೇಳುತ್ತಾರೆ. ಬಳಸಬಹುದು, ಆದರೆ ಕಲಿಯುವವರ ಕೈಗೆ ನಾನು ಅದನ್ನು ಕೊಡುವುದಿಲ್ಲ. ಅದರ 5 ವೋಲ್ಟ್ ತಂತಿಯಲ್ಲಿ ಇಪ್ಪತ್ತು ಆಂಪಿಯರಿನಷ್ಟು ಕರೆಂಟ್ ಹರಿಯಬಲ್ಲದು. ಬ್ರೆಡ್‌ಬೋರ್ಡಿನಲ್ಲಿ ಒಂದು ತಂತಿ ತಪ್ಪಿದರೆ ಬೋರ್ಡೇ ಕರಗುತ್ತದೆ. ಅದರ ಮುಚ್ಚಳ ತೆಗೆದರೆ ಒಳಗಿನ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಹೆಚ್ಚಿನ ಡಿಸಿ ನಿಂತಿರಬಹುದು.

ಮೊದಲಿಗೆ ಟ್ರಾನ್ಸ್‌ಫಾರ್ಮರ್. ಅಂಗಡಿಯಲ್ಲಿ 12-0-12 ಮತ್ತು 15-0-15 ಎರಡೂ ಸಿಗುತ್ತವೆ; ನಡುವಿನ 0 ತಂತಿಯಿಂದ ಎರಡು ತುದಿಗಳಿಗೂ ಅಷ್ಟಷ್ಟು ವೋಲ್ಟ್ ಎಸಿ ಎಂದರ್ಥ. ನಮಗೆ ಬೇಕಾದದ್ದು 12 ವೋಲ್ಟ್ ತಾನೇ ಎಂದು ಮೊದಲನೆಯದನ್ನು ಕೊಳ್ಳುವುದು ಸಾಮಾನ್ಯವಾಗಿ ಆಗುವ ತಪ್ಪು. ಪಂಪ್‌ಸೆಟ್‌ಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ಹಳ್ಳಿಯ ಮನೆಯ 230 ವೋಲ್ಟ್ 190ಕ್ಕೆ ಇಳಿದಿದೆ ಎಂದು ಇಟ್ಟುಕೊಳ್ಳೋಣ. ಆಗ 12ರ ಸುತ್ತು ಕೊಡುವುದು 9.9 ವೋಲ್ಟ್ ಎಸಿ. ಅದರ ಶಿಖರ 14. ಎಸಿಯನ್ನು ಡಿಸಿ ಮಾಡುವ ಡಯೋಡಿನಲ್ಲಿ ಸುಮಾರು 0.9 ವೋಲ್ಟ್ ಹೋಗುತ್ತದೆ. 4700 ಮೈಕ್ರೊಫ್ಯಾರಡ್ ಕೆಪಾಸಿಟರಿನಿಂದ 1 ಆಂಪಿಯರ್ ಎಳೆದರೆ, ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಅದು ಇನ್ನೂ 2.1 ವೋಲ್ಟ್ ಇಳಿಯುತ್ತದೆ. ಉಳಿದದ್ದು 11 ವೋಲ್ಟ್! ಔಟ್‌ಪುಟ್ಟಿಗಿಂತ ಒಳಗೆ 2 ವೋಲ್ಟ್ ಹೆಚ್ಚಿದ್ದರೆ ಮಾತ್ರ ಕೆಲಸ ಮಾಡುವ 7812 (ವೋಲ್ಟೇಜನ್ನು 12ರಲ್ಲಿ ಸ್ಥಿರವಾಗಿ ನಿಲ್ಲಿಸುವ ರೆಗ್ಯುಲೇಟರ್) ಇಲ್ಲಿ ಸೋಲುತ್ತದೆ, ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಶುರುವಾಗುತ್ತದೆ. ಇದೇ ಲೆಕ್ಕವನ್ನು 15-0-15ಕ್ಕೆ ಹಾಕಿದರೆ 14.5 ವೋಲ್ಟ್ ಉಳಿಯುತ್ತದೆ, ಕೆಲಸ ನಡೆಯುತ್ತದೆ. ಆದ್ದರಿಂದ 15-0-15, 2 ಆಂಪಿಯರಿನ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಬೇಕು. ಕೆಪಾಸಿಟರು ತುಂಬಿಕೊಳ್ಳುವುದು ಚಿಕ್ಕ ಚಿಕ್ಕ ಏಟುಗಳಲ್ಲಾದ್ದರಿಂದ ಸುತ್ತುಗಳು ಹೆಚ್ಚು ಬಿಸಿಯಾಗುತ್ತವೆ. 2 ಆಂಪಿಯರ್ ಎಂದು ಬರೆದಿದ್ದರೂ ಪ್ರತಿ ಬದಿಯಿಂದ ಸುಮಾರು 1.2 ಆಂಪಿಯರ್ ಡಿಸಿಗಿಂತ ಹೆಚ್ಚು ನಿರೀಕ್ಷಿಸಬಾರದು.

ಕರೆಂಟು 250ಕ್ಕೆ ಏರಿದಾಗ, ಲೋಡ್ ಇಲ್ಲದಿದ್ದರೆ, ಇದೇ ಕೆಪಾಸಿಟರಿನ ಮೇಲೆ 25 ವೋಲ್ಟಿಗೂ ಮೀರಿ ಬೀಳಬಹುದು. ಹಾಗಾಗಿ 25 ವೋಲ್ಟಿನ ಕೆಪಾಸಿಟರ್ ಬೇಡ, 35 ವೋಲ್ಟಿನದೇ ಇರಲಿ. ಡಯೋಡಿಗೆ 1ಎನ್5408 ನಾಲ್ಕು ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬರಲು ಆಗುವವರಿಗೆ ಈ ಸಾಮಾನೆಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತದೆ.

230 ವೋಲ್ಟಿನ ಬದಿಯ ಕೆಲಸವನ್ನು ಮೊದಲ ಬಾರಿಗೆ ಮಾಡುವವರು ಅನುಭವಿ ಎಲೆಕ್ಟ್ರಿಷಿಯನ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಬೇಕು. ಮೂರು ಪಿನ್ನಿನ ಪ್ಲಗ್ಗಿನಿಂದ ಬರುವ ಫೇಸ್ ತಂತಿ ಮೊದಲು 500 ಮಿಲಿ ಆಂಪಿಯರಿನ ಸ್ಲೋ-ಬ್ಲೋ (ಕ್ಷಣಿಕ ಏಟಿಗೆ ಹೋಗದ) ಫ್ಯೂಸಿಗೆ, ಅಲ್ಲಿಂದ ಸ್ವಿಚ್ಚಿಗೆ, ಆಮೇಲೆ ಟ್ರಾನ್ಸ್‌ಫಾರ್ಮರಿಗೆ ಹೋಗಬೇಕು. ಹಸಿರು ಅರ್ತ್ ತಂತಿಯನ್ನು ಲೋಹದ ಪೆಟ್ಟಿಗೆಗೆ, ಬಣ್ಣ ಕೆರೆದು ತೆಗೆದ ಜಾಗದಲ್ಲಿ, ರಿಂಗ್ ಲಗ್ ಹಾಕಿ ನಟ್ಟು ಬಿಗಿದು ಕೂರಿಸಬೇಕು. ಪ್ರತಿ ಬೆಸುಗೆಯ ಮೇಲೂ ಸ್ಲೀವ್ ಇರಬೇಕು. ಪ್ಲಗ್ ಗೋಡೆಯಲ್ಲಿರುವಾಗ ಮುಚ್ಚಳ ತೆರೆದು ಕೈಯಿಡಬಾರದು.

ನಾಲ್ಕು ಡಯೋಡ್‌ಗಳ ಬ್ರಿಡ್ಜಿಗೆ ಟ್ರಾನ್ಸ್‌ಫಾರ್ಮರಿನ ಎರಡು ತುದಿಯ 15ರ ತಂತಿಗಳು ಬರುತ್ತವೆ. ನಡುವಿನ 0 ತಂತಿ ಎರಡು ಕೆಪಾಸಿಟರುಗಳು ಕೂಡುವ ಬಿಂದುವಿಗೆ ಬರುತ್ತದೆ. ಈ ಬಿಂದುವೇ ಇಡೀ ಪೆಟ್ಟಿಗೆಯ ಗ್ರೌಂಡ್. ಮೈನಸ್ ಬದಿಯ ಕೆಪಾಸಿಟರಿನ ಪ್ಲಸ್ ಕಾಲು ಗ್ರೌಂಡಿಗೆ ಬರಬೇಕು ಎಂಬುದನ್ನು ಎರಡು ಸಲ ನೋಡಿಕೊಳ್ಳಿ. ತಿರುಗಿಸಿ ಹಾಕಿದರೆ ಅದು ಉಬ್ಬಿ ಸಿಡಿಯುತ್ತದೆ. ರೆಗ್ಯುಲೇಟರುಗಳ ಗ್ರೌಂಡ್ ತಂತಿ, ಔಟ್‌ಪುಟ್ ಟರ್ಮಿನಲ್ಲಿನ ಗ್ರೌಂಡ್ ತಂತಿ ಎಲ್ಲವೂ ಬೇರೆ ಬೇರೆಯಾಗಿ ಈ ಒಂದೇ ಬಿಂದುವಿಗೆ ಬಂದು ಸೇರಲಿ. ಒಂದರಿಂದ ಇನ್ನೊಂದಕ್ಕೆ ಸರಪಳಿಯಂತೆ ಎಳೆದರೆ ಕೆಪಾಸಿಟರ್ ತುಂಬುವ ಏಟು ಔಟ್‌ಪುಟ್ಟಿನಲ್ಲೂ ಕೇಳಿಸುತ್ತದೆ. ಪ್ರತಿ ಕೆಪಾಸಿಟರಿಗೆ ಅಡ್ಡಲಾಗಿ 2.2 ಕಿಲೊ ಓಮ್, 1 ವ್ಯಾಟಿನ ರೆಸಿಸ್ಟರ್ ಹಾಕಿದರೆ ಸ್ವಿಚ್ ಆರಿಸಿದ ಅರ್ಧ ನಿಮಿಷ, ಮುಕ್ಕಾಲು ನಿಮಿಷದಲ್ಲಿ ಚಾರ್ಜ್ ಇಳಿದುಹೋಗುತ್ತದೆ.

ಇನ್ನು ರೆಗ್ಯುಲೇಟರುಗಳು. ಬರಹ ನಮ್ಮ ಕಡೆಗೆ, ಕಾಲು ಕೆಳಗೆ ಇರುವಂತೆ ಹಿಡಿದಾಗ 7805 ಮತ್ತು 7812ರ ಕಾಲುಗಳು ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. ಮೈನಸ್ ಕೊಡುವ 7912ರಲ್ಲಿ ಕ್ರಮವೇ ಬೇರೆ: ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ತಿರುಗಿಸಿಕೊಳ್ಳುವ ವೋಲ್ಟೇಜಿಗೆ ಬಳಸುವ ಎಲ್‌ಎಂ317ರಲ್ಲಿ ಅಡ್ಜಸ್ಟ್, ಔಟ್‌ಪುಟ್, ಇನ್‌ಪುಟ್. ಮೂರೂ ನೋಡಲು ಒಂದೇ ಥರ ಇರುವುದರಿಂದ ಬೋರ್ಡಿನ ಮೇಲೆ ಮಾರ್ಕರಿನಲ್ಲಿ ಹೆಸರು ಬರೆದುಕೊಂಡೇ ಬೆಸುಗೆ ಹಾಕುವುದು ಒಳ್ಳೆಯದು.

ಇವುಗಳ ಬೆನ್ನಿನ ಲೋಹದ ವಿಷಯವನ್ನು ನಾನು ನಷ್ಟ ಮಾಡಿಕೊಂಡು ಕಲಿತೆ. 7805 ಮತ್ತು 7812ರ ಬೆನ್ನು ಗ್ರೌಂಡಿಗೆ ಸೇರಿರುತ್ತದೆ. 7912ರ ಬೆನ್ನು ಅದರ ಇನ್‌ಪುಟ್ಟಿಗೆ, ಅಂದರೆ ಮೈನಸ್ 20 ವೋಲ್ಟಿಗೆ ಸೇರಿರುತ್ತದೆ. ನನ್ನ ಮೊದಲ ಪೆಟ್ಟಿಗೆಯಲ್ಲಿ ಎಲ್ಲವನ್ನೂ ಶಾಖ ಹೊರಹಾಕುವ ಒಂದೇ ಅಲ್ಯೂಮಿನಿಯಂ ಹೀಟ್ ಸಿಂಕಿಗೆ ನೇರವಾಗಿ ಬಿಗಿದಿದ್ದೆ. ಸ್ವಿಚ್ ಒತ್ತಿದ ಕೂಡಲೇ ಟ್ರಾನ್ಸ್‌ಫಾರ್ಮರ್ ಗುರ್ರೆಂದಿತು, ಎರಡು ಡಯೋಡ್ ಸುಟ್ಟವು, ಫ್ಯೂಸ್ ಹೋಯಿತು. ಅಂದಿನಿಂದ 7912 ಮತ್ತು ಎಲ್‌ಎಂ317ರ ಅಡಿಯಲ್ಲಿ ಮೈಕಾ ಹಾಳೆ, ಅದರ ಎರಡೂ ಬದಿಗೆ ತೆಳ್ಳಗೆ ಹೀಟ್ ಸಿಂಕ್ ಪೇಸ್ಟ್, ಸ್ಕ್ರೂ ಹಾದುಹೋಗುವ ತೂತಿಗೆ ಪ್ಲಾಸ್ಟಿಕ್ ಬುಷ್ ಹಾಕದೆ ನಾನು ಬಿಗಿಯುವುದಿಲ್ಲ. ಬಿಗಿದ ಮೇಲೆ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬೆನ್ನಿಗೂ ಇನ್ನೊಂದನ್ನು ಹೀಟ್ ಸಿಂಕಿಗೂ ಮುಟ್ಟಿಸಿ, ಬೀಪ್ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತೇನೆ. ಹೀಟ್ ಸಿಂಕಿನ ಗೀಚಲಿನಿಂದ ಎದ್ದ ಕೂದಲೆಳೆಯಷ್ಟು ಅಲ್ಯೂಮಿನಿಯಂ ಚೂರು ಮೈಕಾವನ್ನು ತೂತು ಮಾಡಬಲ್ಲದು. ಅದನ್ನು ಮೊದಲೇ ಮರಳು ಕಾಗದದಿಂದ ಉಜ್ಜಿ ತೆಗೆಯಬೇಕು.

ಶಾಖದ ಲೆಕ್ಕ ಹೀಗಿದೆ. ಹೀಟ್ ಸಿಂಕ್ ಇಲ್ಲದ 7805 ಒಂದೂವರೆ ವ್ಯಾಟಿಗಿಂತ ಹೆಚ್ಚು ತಾಳುವುದಿಲ್ಲ. 20 ವೋಲ್ಟ್ ಒಳಗೆ ಕೊಟ್ಟು 5 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಎಳೆದರೆ ಅದರಲ್ಲಿ ಏಳೂವರೆ ವ್ಯಾಟ್ ಶಾಖವಾಗುತ್ತದೆ. ಇದನ್ನು ತಗ್ಗಿಸಲು 7805ರ ಇನ್‌ಪುಟ್ಟಿಗೆ ಮುನ್ನ 10 ಓಮ್, 10 ವ್ಯಾಟಿನ ಪಿಂಗಾಣಿ ರೆಸಿಸ್ಟರ್ ಹಾಕುವ ಉಪಾಯ ನನಗೆ ಬಹಳ ಇಷ್ಟ. ಅರ್ಧ ಆಂಪಿಯರಿನಲ್ಲಿ 5 ವೋಲ್ಟನ್ನು ಅದೇ ನುಂಗಿಕೊಳ್ಳುತ್ತದೆ. 7805ರ ಪಾಲು ಐದು ವ್ಯಾಟಿಗೆ ಇಳಿಯುತ್ತದೆ. ಕರೆಂಟು 190ಕ್ಕೆ ಇಳಿದ ಹೊತ್ತಿನಲ್ಲೂ 7805ಕ್ಕೆ 9 ವೋಲ್ಟಿಗಿಂತ ಹೆಚ್ಚು ಸಿಗುತ್ತದೆ, ಅದಕ್ಕೆ ಬೇಕಾದದ್ದು ಏಳು. ರೆಸಿಸ್ಟರಿನ ನಂತರ, 7805ರ ಕಾಲ ಬಳಿ, 100 ಮೈಕ್ರೊಫ್ಯಾರಡ್ ಕೆಪಾಸಿಟರ್ ಇರಲಿ. 3.3 ವೋಲ್ಟನ್ನು ಈ 5 ವೋಲ್ಟಿನಿಂದಲೇ ಎಎಂಎಸ್1117-3.3 ಮೂಲಕ ಇಳಿಸಿಕೊಂಡರೆ ಅಲ್ಲಿ ಶಾಖದ ಚಿಂತೆಯೇ ಇಲ್ಲ. ಅದರ ಔಟ್‌ಪುಟ್ಟಿಗೆ 22 ಮೈಕ್ರೊಫ್ಯಾರಡ್ ಮಾತ್ರ ಮರೆಯಬಾರದು.

ಎಲ್‌ಎಂ317ಕ್ಕೆ ಔಟ್‌ಪುಟ್ ಮತ್ತು ಅಡ್ಜಸ್ಟ್ ಕಾಲುಗಳ ನಡುವೆ 220 ಓಮ್, ಅಡ್ಜಸ್ಟಿನಿಂದ ಗ್ರೌಂಡಿಗೆ 2.2 ಕಿಲೊ ಓಮಿನ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ಹಾಕಿದರೆ 1.25ರಿಂದ 13.75 ವೋಲ್ಟಿನವರೆಗೆ ತಿರುಗಿಸಬಹುದು. ಕಡಿಮೆ ವೋಲ್ಟೇಜಿನಲ್ಲೇ ಇದು ಹೆಚ್ಚು ಬಿಸಿಯಾಗುತ್ತದೆ: 3 ವೋಲ್ಟಿನಲ್ಲಿ 300 ಮಿಲಿ ಆಂಪಿಯರ್ ಎಂದರೂ ಐದು ವ್ಯಾಟ್. ಪ್ಲಸ್ ಬದಿಯ ಎಲ್ಲ ಔಟ್‌ಪುಟ್‌ಗಳೂ ಅದೇ 1.2 ಆಂಪಿಯರನ್ನು ಹಂಚಿಕೊಳ್ಳುತ್ತವೆ ಎಂಬುದು ನೆನಪಿರಲಿ.

78 ಸರಣಿಯವಕ್ಕೆ ಇನ್‌ಪುಟ್ಟಿನಲ್ಲಿ 0.33, ಔಟ್‌ಪುಟ್ಟಿನಲ್ಲಿ 0.1 ಮೈಕ್ರೊಫ್ಯಾರಡ್ ಸಾಕು. 7912ಕ್ಕೆ ಮಾತ್ರ ಇನ್‌ಪುಟ್ಟಿನಲ್ಲಿ 2.2, ಔಟ್‌ಪುಟ್ಟಿನಲ್ಲಿ 1 ಮೈಕ್ರೊಫ್ಯಾರಡ್ ಟ್ಯಾಂಟಲಮ್ ಬೇಕೇ ಬೇಕು, ಇಲ್ಲದಿದ್ದರೆ ಅದು ತಾನಾಗಿ ಆಸಿಲೇಟ್ ಆಗಬಹುದು, ಅಂದರೆ ಔಟ್‌ಪುಟ್ ಒಂದೇ ಸಮನೆ ಏರಿಳಿಯಬಹುದು. ಪ್ಲಸ್ 12 ಮತ್ತು ಮೈನಸ್ 12 ಔಟ್‌ಪುಟ್‌ಗಳಿಂದ ಗ್ರೌಂಡಿಗೆ ಉಲ್ಟಾ ದಿಕ್ಕಿನಲ್ಲಿ ಒಂದೊಂದು 1ಎನ್4007 ಇದ್ದರೆ, ಒಂದು ಬದಿ ಮೊದಲು ಏರಿ ಇನ್ನೊಂದನ್ನು ಎಳೆದು ಸಿಕ್ಕಿಸಿಕೊಳ್ಳುವ ತೊಂದರೆ ತಪ್ಪುತ್ತದೆ.

ಮೊದಲ ಸಲ ಚಾಲೂ ಮಾಡುವಾಗ ಪ್ಲಗ್ಗನ್ನು ನೇರವಾಗಿ ಗೋಡೆಗೆ ಹಾಕದೆ, 60 ವ್ಯಾಟಿನ ಹಳೆಯ ತಂತಿ ಬಲ್ಬಿನ ಮೂಲಕವೇ ಕರೆಂಟು ಹಾದುಬರುವ ಸೀರೀಸ್ ಬೋರ್ಡಿಗೆ ಹಾಕಬೇಕು. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ ಎಂದರ್ಥ. ಎಲ್ಲ ಔಟ್‌ಪುಟ್ ಅಳೆದು ನೋಡಿದ ಮೇಲೆ ಬಲ್ಬ್ ತೆಗೆದು ನೇರ ಕರೆಂಟಿಗೆ ಬರಬಹುದು. ಆಮೇಲೆ 5 ವೋಲ್ಟಿಗೆ 10 ಓಮ್, 12 ವೋಲ್ಟಿಗೆ 22 ಓಮ್, ಎರಡೂ 10 ವ್ಯಾಟಿನ ರೆಸಿಸ್ಟರ್‌ಗಳನ್ನು ಲೋಡ್ ಆಗಿ ಕೊಟ್ಟು ಅರ್ಧ ಗಂಟೆ ಬಿಡಬೇಕು. ರೆಸಿಸ್ಟರುಗಳು ಸುಡುವಷ್ಟು ಬಿಸಿಯಾಗುತ್ತವೆ, ಮುಟ್ಟಬಾರದು. ಇದೇ ಪರೀಕ್ಷೆಯನ್ನು ನಿಮ್ಮ ಮನೆಯಲ್ಲಿ ಕರೆಂಟು ತೀರಾ ಇಳಿಯುವ ಹೊತ್ತಿನಲ್ಲಿ ಇನ್ನೊಮ್ಮೆ ಮಾಡಿ. ಆಗಲೂ 12 ವೋಲ್ಟಿನ ಔಟ್‌ಪುಟ್ ಲೋಡ್ ಇಲ್ಲದಾಗ ತೋರಿಸಿದ ಅಂಕಿಯಲ್ಲೇ ಹೆಚ್ಚುಕಡಿಮೆ ನಿಂತಿದ್ದರೆ, ಪ್ಲಗ್ ತೆಗೆದು ಮುಚ್ಚಳಕ್ಕೆ ಸ್ಕ್ರೂ ಹಾಕಬಹುದು.