ದಿನಕ್ಕೊಂದು ಕಾಫಿ ದುಡ್ಡು: ನನ್ನ ಫಂಡ್ ಶುಲ್ಕದ ಲೆಕ್ಕ

"ನೀವು ನನಗೆ ಏನೂ ಕೊಡಬೇಕಾಗಿಲ್ಲ ಸಾರ್, ಎಲ್ಲಾ ಕಂಪನಿಯೇ ಕೊಡುತ್ತೆ." ಮ್ಯೂಚುವಲ್ ಫಂಡ್‌ನಲ್ಲಿ ಎಸ್‌ಐಪಿ (ತಿಂಗಳ ಕಂತು) ಶುರು ಮಾಡಿಸುವಾಗ ಏಜೆಂಟರು ಹೇಳಿದ್ದ ಮಾತು. ನಂಬಿದ್ದೆ. 2021ರಲ್ಲಿ ಒಂದು ದಿನ ಅರ್ಧ ವರ್ಷದ ಸ್ಟೇಟ್‌ಮೆಂಟ್ ಪೂರ್ತಿ ಓದಿದೆ. ಅವರಿಗೆ ಸಂದ ಕಮಿಷನ್ ರೂಪಾಯಿ ಲೆಕ್ಕದಲ್ಲೇ ಇತ್ತು, ಮೂರು ಸಾವಿರದ ಹತ್ತಿರ. ಪಕ್ಕದಲ್ಲಿ ಫಂಡ್‌ನ ವೆಚ್ಚದ ದರ: ಏಜೆಂಟರ ಮೂಲಕ ಕೊಳ್ಳುವ ರೆಗ್ಯುಲರ್ ಪ್ಲ್ಯಾನ್‌ಗೆ (ನನ್ನದು ಅದೇ) 1.9%, ಕಂಪನಿಯಿಂದ ನೇರವಾಗಿ ಕೊಳ್ಳುವ ಡೈರೆಕ್ಟ್‌ಗೆ 0.9%.

ನನ್ನ ದುಡ್ಡು ಆಗ ಆರು ಲಕ್ಷ. ಒಂದು ಪರ್ಸೆಂಟ್ ವ್ಯತ್ಯಾಸ ಅಂದರೆ ವರ್ಷಕ್ಕೆ ಆರು ಸಾವಿರ, ದಿನಕ್ಕೆ ಹದಿನಾರು ರೂಪಾಯಿ. ಆಗ ನಮ್ಮ ಬೀದಿಯ ದರ್ಶಿನಿಯಲ್ಲಿ ಒಂದು ಕಾಫಿ! ಈ ಶುಲ್ಕಕ್ಕೆ ಬಿಲ್ ಬರೋದಿಲ್ಲ. ವರ್ಷದ ದರವನ್ನು ದಿನದ ಪಾಲು ಮಾಡಿ ಫಂಡ್‌ನ ಆಸ್ತಿಯಿಂದ ಕಳೆದ ಮೇಲೆಯೇ ಎನ್‌ಎವಿ (ಒಂದು ಯೂನಿಟ್‌ನ, ಅಂದರೆ ಫಂಡ್‌ನ ಒಂದು ಪಾಲಿನ ಬೆಲೆ) ಹೊರಬರುತ್ತದೆ. ಕಾಣದಿದ್ದರೆ ನೋವೂ ಆಗೋದಿಲ್ಲ ಅಲ್ವಾ?

ಈ 1.9 ಎಲ್ಲಿಂದ ಬಂತು ಅಂತ ಹುಡುಕಿದೆ. ಕಂಪನಿ ಸುಮ್ನೆ ಮನಸ್ಸಿಗೆ ಬಂದಷ್ಟು ಹಾಕುವಂತಿಲ್ಲ, ಮಿತಿ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯದ್ದು. 2019ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿದ್ದ ಆಗಿನ ಪಟ್ಟಿಯಲ್ಲಿ ಈಕ್ವಿಟಿ (ಷೇರು) ಫಂಡ್‌ನ ಒಟ್ಟು ಹಣದಲ್ಲಿ ಮೊದಲ 500 ಕೋಟಿಗೆ 2.25%, ಮುಂದಿನ 250 ಕೋಟಿಗೆ 2%, ಅದರ ಮುಂದಿನ 1,250 ಕೋಟಿಗೆ 1.75%, ಹೀಗೆ ಇಳಿಯುತ್ತಾ ಇತ್ತು. ಆದಾಯ ತೆರಿಗೆಯ ಸ್ಲ್ಯಾಬ್ ಥರಾನೇ, ಆದರೆ ಉಲ್ಟಾ: ಫಂಡ್ ದೊಡ್ಡದಾದಂತೆ ದರ ಇಳಿಯುತ್ತದೆ. ಕಾಗದದ ಮೇಲೆ ಕೂಡಿಸಿದೆ. 2,000 ಕೋಟಿಯ ಫಂಡ್‌ಗೆ ಮಿತಿ ಸುಮಾರು 1.91%, ಅದೇ 10,000 ಕೋಟಿಗೆ 1.61%. ಮ್ಯಾನೇಜರ್ ಫೀಸು, ಹೂಡಿಕೆದಾರರ ದಾಖಲೆ ಇಡುವ ರಿಜಿಸ್ಟ್ರಾರ್ ಖರ್ಚು, ಏಜೆಂಟರ ಕಮಿಷನ್ ಎಲ್ಲಾ ಈ ಮಿತಿಯೊಳಗೇ. ನಿರ್ವಹಣಾ ಶುಲ್ಕದ ಮೇಲಿನ ಜಿಎಸ್‌ಟಿ ಬೇರೆ. 2013ರ ಜನವರಿಯಿಂದ ಇರುವ ಡೈರೆಕ್ಟ್ ಪ್ಲ್ಯಾನ್‌ನಲ್ಲಿ ಆ ಕಮಿಷನ್ ಇಲ್ಲ. ಅಷ್ಟೇ ವ್ಯತ್ಯಾಸ.

ಆಮೇಲೆ ನಾನು ಮಾಡಿದ್ದು ದಡ್ಡತನ. ಅವತ್ತು ರಾತ್ರಿಯೇ ಒಂದು ಫಂಡ್ ಪೂರ್ತಿ ಡೈರೆಕ್ಟ್‌ಗೆ ಸ್ವಿಚ್ ಮಾಡಿದೆ. ಸ್ವಿಚ್ ಅಂದರೆ ಮಾರಿ ಕೊಂಡ ಹಾಗೆ. ವರ್ಷ ತುಂಬದ ಕಂತುಗಳಿಗೆ 1% ಎಕ್ಸಿಟ್ ಲೋಡ್ (ಬೇಗ ತೆಗೆದರೆ ಹಿಡಿಯುವ ಶುಲ್ಕ) ಬಿತ್ತು, ಲಾಭಕ್ಕೆ ತೆರಿಗೆಯೂ ಬಂತು. ಉಳಿದದ್ದರಲ್ಲಿ ಬುದ್ಧಿ ಬಂತು. ಮೊದಲು ಹೊಸ ಎಸ್‌ಐಪಿ ಡೈರೆಕ್ಟ್‌ನಲ್ಲಿ ಶುರು ಮಾಡಿ, ಹಳೆಯದನ್ನು ನಿಲ್ಲಿಸಿದೆ. ವರ್ಷ ದಾಟಿದ ಯೂನಿಟ್‌ಗಳನ್ನು ಮಾತ್ರ ತೆಗೆದೆ. ದೀರ್ಘಾವಧಿ ಲಾಭ ಒಂದು ಹಣಕಾಸು ವರ್ಷದಲ್ಲಿ ಒಂದು ಲಕ್ಷ ಮೀರದಂತೆ (ಆಗಿನ ತೆರಿಗೆ ವಿನಾಯಿತಿ ಅಷ್ಟೇ) ಮಾರ್ಚ್‌ನಲ್ಲಿ ಸ್ವಲ್ಪ, ಏಪ್ರಿಲ್‌ನಲ್ಲಿ ಸ್ವಲ್ಪ.

ನಮ್ಮ ಭಾವ ಮಾತ್ರ ರೆಗ್ಯುಲರ್‌ನಲ್ಲೇ ಇದ್ದಾರೆ. 2020ರ ಮಾರ್ಚ್‌ನಲ್ಲಿ ಮಾರ್ಕೆಟ್ ಕುಸಿದಾಗ ಎಲ್ಲಾ ಮಾರಲು ಹೊರಟಿದ್ದರು. ಅದೇ ಏಜೆಂಟರು ಮನೆಗೇ ಫೋನ್ ಮಾಡಿ ತಡೆದರು. ಅವರ ಕಮಿಷನ್ ದಂಡ ಅಂತ ನಾನು ಹೇಳಲಾರೆ. ನನಗೆ ಆ ಫೋನ್ ಬಂದಿರಲಿಲ್ಲ.